ಐವತ್ತರ ಬಳಿಕ ಕಾಫಿಯ ಪಾಠಶಾಲೆಗೆ

ವಿದೇಶಕ್ಕೆ ಹೊರಟ ಕನ್ನಡಿಗರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಸಾರಿನ ಪುಡಿಗಳ ಜೊತೆಗೆ ಒಂದು ಕಾಫಿ ಫಿಲ್ಟರ್ ಇರುವುದು ವಾಡಿಕೆ. ಸಿಂಗಪುರದಲ್ಲಿ ನೆಲೆಸಿದ ನಮ್ಮವರ ಕೆಲವು ಮನೆಗಳಲ್ಲಿ ಈಗ ಅದರ ಪಕ್ಕಕ್ಕೆ ಎಸ್ಪ್ರೆಸೊ ಯಂತ್ರವೂ ಬಂದು ಕುಳಿತಿದೆ. ಯಂತ್ರವನ್ನು ಕೊಳ್ಳುವುದು ಸುಲಭ; ಅದರಿಂದ ಒಳ್ಳೆಯ ಕಾಫಿ ತೆಗೆಯುವುದು ಕಲಿತು ಬರಬೇಕಾದ ವಿದ್ಯೆ. ಅದನ್ನು ಎಲ್ಲಿ ಕಲಿಯಬೇಕು, ಕಲಿತರೆ ಏನು ದೊರೆಯುತ್ತದೆ ಎಂದು ಸ್ನೇಹಿತರೂ, ಊರಿನಿಂದ ಇಲ್ಲಿಗೆ ಬರಲು ಹವಣಿಸುತ್ತಿರುವ ತರುಣರೂ ನನ್ನನ್ನು ಕೇಳುವುದುಂಟು.

ಈ ನಗರಕ್ಕೆ ತನ್ನದೇ ಆದ ಕಾಫಿ ಪರಂಪರೆಯಿದೆ. ಸಕ್ಕರೆ ಮತ್ತು ಬೆಣ್ಣೆ ಅಥವಾ ಮಾರ್ಗರೀನ್ ಬೆರೆಸಿ ಕಪ್ಪಗೆ ಹುರಿದ ಬೀಜದ ಪುಡಿಯನ್ನು ಉದ್ದನೆಯ ಬಟ್ಟೆಯ ಚೀಲದಲ್ಲಿ ಸೋಸಿ, ಮಂದಗೊಳಿಸಿದ ಸಿಹಿಹಾಲು ಬೆರೆಸಿ ಕೊಡುವ ಪೇಯಕ್ಕೆ ಇಲ್ಲಿ ‘ಕೋಪಿ’ ಎಂದು ಹೆಸರು. ಹಾಲಿಲ್ಲದೆ ಸಕ್ಕರೆ ಮಾತ್ರ ಹಾಕಿದ್ದು ‘ಕೋಪಿ ಓ’. ಅದರಲ್ಲಿ ಸಕ್ಕರೆಯೂ ಬೇಡವಾದರೆ ‘ಕೊಸೊಂಗ್’ ಎಂದು ಸೇರಿಸಬೇಕು. ಡಿಕಾಕ್ಷನ್ ಕುಡಿದು ಬೆಳೆದ ನಾಲಿಗೆಗೆ ಇದು ದೂರದ ನೆಂಟನಂತೆ ತೋರುತ್ತದೆ. ಇದರ ಪಕ್ಕದಲ್ಲೇ ಕಳೆದ ಹದಿನೈದು ವರ್ಷಗಳಲ್ಲಿ ಹೊಸ ಬಗೆಯ ಕಾಫಿ ಅಂಗಡಿಗಳೂ ತರಬೇತಿ ಕೇಂದ್ರಗಳೂ ಬೆಳೆದಿವೆ. 2011ರಲ್ಲಿ ಆರಂಭವಾದ ‘ಬೆಟರ್ ಬರಿಸ್ತಾ’ ಸಾಮಾಜಿಕ ಉದ್ದಿಮೆಯಾಗಿದ್ದು, ಕಷ್ಟದಲ್ಲಿರುವ ಮಹಿಳೆಯರಿಗೂ ಯುವಜನರಿಗೂ ಈ ಕಸುಬಿನ ಮೂಲಕ ದಾರಿ ತೋರಿಸುವುದರ ಜೊತೆಗೆ ಸಾರ್ವಜನಿಕರಿಗೂ ಪಾಠ ಹೇಳಿದೆ. 2013ರಲ್ಲಿ ತೆರೆದ ‘ಕಾಮನ್ ಮ್ಯಾನ್ ಕಾಫಿ ರೋಸ್ಟರ್ಸ್’ ತನ್ನದೇ ತರಬೇತಿ ಶಾಲೆಯನ್ನು ಕಟ್ಟಿಕೊಂಡಿದೆ.

ತರಗತಿಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯದು ಎರಡು ಮೂರು ತಾಸುಗಳ ಹವ್ಯಾಸಿ ಪಾಠ. ಹಾಲಿನ ನೊರೆಯಲ್ಲಿ ಚಿತ್ರ ಬಿಡಿಸುವುದು, ಕೈಯಿಂದ ನೀರು ಹೊಯ್ದು ಸೋಸುವುದು ಇಂಥವು. ಎರಡನೆಯದು ಪ್ರಮಾಣಪತ್ರದ ಪಾಠ. ಸ್ಪೆಷಾಲಿಟಿ ಕಾಫಿ ಅಸೋಸಿಯೇಷನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪಠ್ಯಕ್ರಮದಲ್ಲಿ ಬರಿಸ್ತಾ ಕೌಶಲಕ್ಕೆ ಪ್ರಾಥಮಿಕ, ಮಾಧ್ಯಮಿಕ, ವೃತ್ತಿಪರ ಎಂಬ ಮೂರು ಹಂತಗಳಿವೆ. ಮನೆಮಂದಿಗೆ ಮಾತ್ರ ಕಾಫಿ ಮಾಡುವವರಿಗೆ ಪ್ರಾಥಮಿಕ ಹಂತ ಧಾರಾಳವಾಗಿ ಸಾಕು.

ನಾನು ಸೇರಿದ್ದು ಇಂಥದೊಂದು ಪ್ರಾಥಮಿಕ ತರಗತಿಗೆ. ಸಹಪಾಠಿಗಳಲ್ಲಿ ನಿವೃತ್ತ ಶಿಕ್ಷಕಿಯೊಬ್ಬರೂ ಕಾಲೇಜು ಮುಗಿಸದ ಹುಡುಗರಿಬ್ಬರೂ ಇದ್ದರು. ವಯಸ್ಸಿನ ಬಗ್ಗೆ ಯಾರೂ ಹುಬ್ಬೇರಿಸಲಿಲ್ಲ. ಅಲ್ಲಿ ತಕ್ಕಡಿಯೇ ಗುರು. ಹದಿನೆಂಟು ಗ್ರಾಂ ಪುಡಿ, ಸುಮಾರು ಒಂಬತ್ತು ಬಾರ್ ಒತ್ತಡ, ಇಪ್ಪತ್ತೈದರಿಂದ ಮೂವತ್ತು ಸೆಕೆಂಡುಗಳಲ್ಲಿ ಮೂವತ್ತಾರು ಗ್ರಾಂ ಕಾಫಿ ಎಂಬ ಲೆಕ್ಕದಿಂದ ಪಾಠ ಆರಂಭವಾಯಿತು. ಬೇಗ ಇಳಿದರೆ ಹುಳಿ, ತಡವಾದರೆ ಕಹಿ. ಪುಡಿಯ ನಯವನ್ನು ಕೂದಲೆಳೆಯಷ್ಟು ಬದಲಿಸಿದರೂ ರುಚಿ ಬದಲಾಗುತ್ತದೆ. ಹಾಲು ಅರುವತ್ತೈದು ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಸಿಹಿ ಮಂಕಾಗುತ್ತದೆ. ಇದನ್ನು ಕಲಿತ ಮೇಲೆ ನಮ್ಮ ಫಿಲ್ಟರಿನ ಡಿಕಾಕ್ಷನ್ ಸಹ ಸುಧಾರಿಸಿತು. ಅಮ್ಮ ಕಣ್ಣಳತೆಯಲ್ಲಿ ಸಾಧಿಸುತ್ತಿದ್ದ ಹದ ಏಕೆ ತಪ್ಪುತ್ತಿರಲಿಲ್ಲ ಎಂಬುದೂ ಅರ್ಥವಾಯಿತು: ಅದೇ ಅಂಗಡಿ, ಅದೇ ಹುರಿತ, ಅದೇ ಚಮಚ. ಊರು ಬದಲಾದಾಗ ಆ ಮೂರೂ ತಪ್ಪಿಹೋಗುತ್ತವೆ. ಆಗ ಅಳತೆಯೇ ಆಧಾರ.

ವೈದ್ಯನಾಗಿ ಒಂದು ಮಾತು. ತರಗತಿಯಲ್ಲಿ ಹತ್ತಾರು ಲೋಟಗಳ ರುಚಿ ನೋಡಬೇಕಾಗುತ್ತದೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಹೇಳಿದಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಕೆಫೀನ್ ಮಿತಿ. ಆದ್ದರಿಂದ ಊಟ ಮಾಡಿ ಹೋಗಿರಿ, ಬಾಯಲ್ಲಿ ಸವಿದು ಉಗುಳಲು ನಾಚದಿರಿ. ಕೊಲೆಸ್ಟರಾಲ್ ಹೆಚ್ಚಿರುವವರು ಇನ್ನೊಂದನ್ನು ಗಮನಿಸಬೇಕು: ಅದನ್ನು ಏರಿಸುವ ಕಾಫಿ ಎಣ್ಣೆಯ ಅಂಶಗಳನ್ನು ಕಾಗದದ ಸೋಸುಕ ಬಹುಮಟ್ಟಿಗೆ ತಡೆಯುತ್ತದೆ, ಲೋಹದ ಜಾಲರಿ ಅಷ್ಟಾಗಿ ತಡೆಯುವುದಿಲ್ಲ.

ಶುಲ್ಕದ ವಿಷಯಕ್ಕೆ ಬರೋಣ. ಸಿಂಗಪುರ ಸರ್ಕಾರವು 2016ರಿಂದ ಇಪ್ಪತ್ತೈದು ವರ್ಷ ಮೀರಿದ ಪೌರರಿಗೆ ‘ಸ್ಕಿಲ್ಸ್‌ಫ್ಯೂಚರ್’ ಯೋಜನೆಯಲ್ಲಿ 500 ಸಿಂಗಪುರ ಡಾಲರ್ ಕಲಿಕಾ ನಿಧಿ ಕೊಟ್ಟಿದೆ. 2024ರಲ್ಲಿ ನಲವತ್ತು ಮೀರಿದವರಿಗೆ ಆಯ್ದ ತರಬೇತಿಗಳಿಗಾಗಿ ಇನ್ನೂ 4,000 ಡಾಲರ್ ಸೇರಿಸಿದೆ. ಈ ನಿಧಿ ಪೌರರಿಗೆ ಮೀಸಲು. ಉದ್ಯೋಗದ ಪಾಸಿನ ಮೇಲೆ ಬಂದವರು ಕೈಯಿಂದಲೇ ತೆರಬೇಕು. ಪೌರರಾದರೂ ಎಲ್ಲ ತರಗತಿಗಳಿಗೂ ಅದು ಅನ್ವಯಿಸದು. ಹೆಸರು ನೋಂದಾಯಿಸುವ ಮೊದಲೇ ವಿಚಾರಿಸಿಕೊಳ್ಳಬೇಕು.

ಇಲ್ಲಿಗೆ ಬರಬೇಕೆಂದಿರುವ ತರುಣರಿಗೆ ಇದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಬರಿಸ್ತಾ ಪ್ರಮಾಣಪತ್ರವು ಕಲಿಕೆಯ ಗುರುತೇ ಹೊರತು ಕೆಲಸದ ಪರವಾನಗಿಯಲ್ಲ. ಪರವಾನಗಿಗೆ ಉದ್ಯೋಗದಾತರೇ ಅರ್ಜಿ ಸಲ್ಲಿಸಬೇಕು, ಮಾನವಶಕ್ತಿ ಸಚಿವಾಲಯ ಒಪ್ಪಬೇಕು. ‘ತರಬೇತಿ ಮುಗಿಸಿದರೆ ಸಿಂಗಪುರದಲ್ಲಿ ನೌಕರಿ ಖಂಡಿತ’ ಎಂದು ಹಣ ಕೇಳುವ ಮಧ್ಯವರ್ತಿಯ ಮಾತಿಗೆ ಹೊಲ ಅಡವಿಡಬೇಡಿ.

ಕಲಿಯುವ ಹಂಬಲ ನಿಜವಾಗಿದ್ದರೆ ವಿಮಾನ ಹತ್ತುವ ಅಗತ್ಯವೂ ಇಲ್ಲ. ಬೆಂಗಳೂರಿನ ಕಾಫಿ ಮಂಡಳಿ ‘ಕಾಪಿ ಶಾಸ್ತ್ರ’ ಎಂಬ ಹೆಸರಿನಲ್ಲಿ ಹುರಿಯುವ, ಕಾಯಿಸುವ ಬಗೆಗಳನ್ನು ಕಲಿಸುತ್ತ ಬಂದಿದೆ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಷ್ಟು ಹಳೆಯದು. ಸಿಂಗಪುರದ ಹವ್ಯಾಸಿಗೆ ಕಾಫಿಯ ತೋಟ ನೋಡಲು ಪ್ರಯಾಣ ಮಾಡಬೇಕು. ನಿಮಗೆ ಅದು ಒಂದು ಬಸ್ಸಿನ ದೂರದಲ್ಲಿದೆ.

ಎಲ್ಲಿಯೇ ಸೇರಿದರೂ ಹಣ ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಒಂದು ಯಂತ್ರಕ್ಕೆ ಎಷ್ಟು ಮಂದಿ? ನನ್ನ ಕೈಯಲ್ಲೇ ಎಷ್ಟು ಬಾರಿ ಮಾಡಿಸುತ್ತೀರಿ? ನನ್ನ ಮನೆಯ ಸಣ್ಣ ಯಂತ್ರಕ್ಕೆ ಈ ಪಾಠ ಹೊಂದುತ್ತದೆಯೇ? ಪರೀಕ್ಷೆಯ ಶುಲ್ಕ ಬೇರೆಯೇ? ಒಂದು ಯಂತ್ರಕ್ಕೆ ಇಬ್ಬರು ಮೂವರಿಗಿಂತ ಹೆಚ್ಚು ಮಂದಿ ಇರುವ ಕಡೆ ನೋಡುವುದೇ ಹೆಚ್ಚು, ಕಲಿಯುವುದು ಕಡಿಮೆ.