ಸ್ಕೋಪಿನ ದೋಷವೋ, ಮೌಂಟಿನ ದೋಷವೋ?

ಉಪ್ಪಿನಬೆಟಗೇರಿಯಂತಹ ಊರಿನ ಲೇತ್ ವರ್ಕ್‌ಶಾಪಿಗೆ ಟ್ರ್ಯಾಕ್ಟರಿನ ಬುಶ್, ಪಂಪಿನ ಶಾಫ್ಟ್, ಕೂರಿಗೆಯ ಬಿಡಿಭಾಗ ದುರಸ್ತಿಗೆ ಬರುವುದು ವಾಡಿಕೆ. ಒಂದು ದಿನ ಅಲ್ಲಿಗೆ ಗ್ರಾಹಕನೊಬ್ಬನು ಏರ್ ರೈಫಲ್ ಹಿಡಿದು ಬಂದನೆಂದು ಭಾವಿಸೋಣ. ಅದರ ಮೇಲಿನ ಸ್ಕೋಪ್ ಹೊಸದು. ಆದರೂ ಐದು ಹೊಡೆತ ಐದು ಕಡೆಗೆ ಹೋಗುತ್ತಿವೆ. ಮಾರಿದ ಅಂಗಡಿಯವರು ಒಮ್ಮೆ ಸ್ಕೋಪನ್ನು ಬದಲಿಸಿ ಕೊಟ್ಟಿದ್ದಾರೆ, ದೋಷ ಹೋಗಿಲ್ಲ. ವ್ಯಾಪಾರಿಗೆ ನಷ್ಟ, ಗ್ರಾಹಕನಿಗೆ ಅಪನಂಬಿಕೆ. ಇಂತಹ ದೂರು ಬಂದಾಗ ಮೊದಲು ನೋಡಬೇಕಾದುದು ಸ್ಕೋಪನ್ನು ರೈಫಲಿಗೆ ಹಿಡಿದಿಡುವ ಮೌಂಟನ್ನು. ಅದನ್ನು ಪರೀಕ್ಷಿಸುವ ಸಾಧನಗಳು ಆ ಲೇತ್ ಶೆಡ್ಡಿನಲ್ಲಿಯೇ ಇರುತ್ತವೆ.

ತಿರುಪುಗಳಿಂದ ಆರಂಭಿಸುವುದು ಲೇಸು. ವಿದೇಶೀ ಮೌಂಟುಗಳಲ್ಲಿ ಹಲವಕ್ಕೆ 8-40 ಅಥವಾ 6-48 ಎಂಬ ಅಂಗುಲ ಮಾಪನದ ತಿರುಪುಗಳಿರುತ್ತವೆ. ಅವು ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಮಾಲಲ್ಲ. 8-40ರ ಜಾಗಕ್ಕೆ ಎಂ4 ತಿರುಪನ್ನು ಒತ್ತಾಯದಿಂದ ಕೂರಿಸಿದರೆ ಅದು ಹಿಡಿದಂತೆ ತೋರುತ್ತದೆ. ಆದರೆ ಒಂದರ ಪಿಚ್ 0.635 ಮಿ.ಮೀ., ಇನ್ನೊಂದರದು 0.7 ಮಿ.ಮೀ. ಆದುದರಿಂದ ಮರೆ ಸವೆದು ಕೆಲವೇ ದಿನಗಳಲ್ಲಿ ಸಡಿಲಗೊಳ್ಳುತ್ತದೆ. ಅತಿಯಾಗಿ ಬಿಗಿಯುವುದೂ ಅಷ್ಟೇ ಹಾನಿಕರ. ರಿಂಗಿನ ಮುಚ್ಚಳದ ತಿರುಪಿಗೆ ಸಾಮಾನ್ಯವಾಗಿ 2 ನ್ಯೂಟನ್-ಮೀಟರಿನ ಆಸುಪಾಸು ಬಿಗಿತ ಸಾಕು. ಗ್ಯಾರೇಜಿನ ಕೈ ಅಭ್ಯಾಸದಿಂದ ತಿರುವಿದರೆ ಅಲ್ಯೂಮಿನಿಯಮ್ ಕೊಳವೆ ನಗ್ಗುತ್ತದೆ. ಬಿಗಿದ ಮೇಲೆ ಮುಚ್ಚಳಕ್ಕೂ ತಳಕ್ಕೂ ನಡುವೆ ಎರಡೂ ಬದಿಯಲ್ಲಿ ಸಮನಾದ ಸಣ್ಣ ಸಂದು ಉಳಿಯಬೇಕು. ಸಂದೇ ಇಲ್ಲದಿದ್ದರೆ ಮುಚ್ಚಳವು ತಳವನ್ನು ಒತ್ತುತ್ತಿರಬಹುದು, ಕೊಳವೆ ಸಡಿಲವಾಗಿಯೇ ಇರಬಹುದು.

ಎರಡನೆಯದು ಅಳತೆಯ ಗೊಂದಲ. ಒಂದು ಅಂಗುಲದ ಕೊಳವೆ ಎಂದರೆ 25.4 ಮಿ.ಮೀ.; ಅದನ್ನು 25 ಎಂದು ಓದಿ ಬೋರ್ ಮಾಡಿದ ರಿಂಗು ಕೊಳವೆಯನ್ನು ಕಚ್ಚುತ್ತದೆ. ರೇಲುಗಳಲ್ಲಿಯೂ ಹೀಗೆಯೇ. 1995ರಲ್ಲಿ ಅಮೆರಿಕದ ಸೇನೆ ಅಂಗೀಕರಿಸಿದ ಪಿಕಟಿನ್ನಿ ಮಾನಕದಲ್ಲಿ ಅಡ್ಡಗಾಡಿಯ ಅಗಲ 5.23 ಮಿ.ಮೀ.; ಹಳೆಯ ವೀವರ್ ರೇಲಿನಲ್ಲಿ ಸುಮಾರು 4.6 ಮಿ.ಮೀ. ಆದ್ದರಿಂದ ವೀವರ್ ಮೌಂಟು ಪಿಕಟಿನ್ನಿ ರೇಲಿನ ಮೇಲೆ ಸಾಮಾನ್ಯವಾಗಿ ಕೂರುತ್ತದೆ, ಪಿಕಟಿನ್ನಿ ಮೌಂಟು ವೀವರ್ ರೇಲಿನ ಮೇಲೆ ಕೂರದು. ಏರ್ ರೈಫಲುಗಳಲ್ಲಿ ಹೆಚ್ಚಾಗಿ ಇರುವ 11 ಮಿ.ಮೀ. ಡವ್‌ಟೇಲ್ ಇವೆರಡಕ್ಕಿಂತಲೂ ಬೇರೆ. ಆರ್ಡರು ಬರೆದುಕೊಳ್ಳುವಾಗ ಈ ಒಂದು ಪ್ರಶ್ನೆಯನ್ನು ಕೇಳದ ವ್ಯಾಪಾರಿಗೆ ಮಾಲು ಹಿಂದಿರುಗುವುದು ಖಚಿತ.

ಎಲ್ಲಕ್ಕಿಂತ ಸೂಕ್ಷ್ಮವಾದುದು ರಿಂಗುಗಳ ಎತ್ತರ. 100 ಮಿ.ಮೀ. ಅಂತರದ ಎರಡು ರಿಂಗುಗಳ ಎತ್ತರದಲ್ಲಿ 0.1 ಮಿ.ಮೀ. ವ್ಯತ್ಯಾಸವಿದ್ದರೆ 100 ಮೀಟರ್ ದೂರದಲ್ಲಿ ಗುರಿ 10 ಸೆಂ.ಮೀ. ತಪ್ಪುತ್ತದೆ. ಸ್ಕೋಪಿನ ಗುಂಡಿಯನ್ನು ಹದಿನಾಲ್ಕು ಕ್ಲಿಕ್ ತಿರುಗಿಸಿ ಇದನ್ನು ಸರಿಪಡಿಸಬಹುದು. ವ್ಯತ್ಯಾಸವು 0.5 ಮಿ.ಮೀ. ಆದರೆ ಸುಮಾರು ಎಪ್ಪತ್ತು ಕ್ಲಿಕ್ ಬೇಕು. ಹೊಂದಾಣಿಕೆಯ ಕೊನೆ ಹತ್ತಿರವಾದಂತೆ ಒಳಗಿನ ಸ್ಪ್ರಿಂಗಿನ ಹಿಡಿತ ಕಡಿಮೆಯಾಗಿ ಗುರಿ ನಿಲ್ಲುವುದಿಲ್ಲ. ಗ್ರಾಹಕನು ಸ್ಕೋಪನ್ನು ದೂರುವುದು ಇಲ್ಲಿಯೇ. ರಿಂಗುಗಳ ಅಕ್ಷರೇಖೆ ಒಂದೇ ಆಗಿರದಿದ್ದರೆ ಕೊಳವೆ ಬಾಗುತ್ತದೆ. ಬಿಚ್ಚಿ ನೋಡಿದಾಗ ರಿಂಗಿನ ಅಂಚಿನ ಗೀರು ಅದರ ಸಾಕ್ಷಿ.

ಪರೀಕ್ಷೆಗೆ ಒಂದು ನೇರ ಸರಳು, ಒಂದು ಡಯಲ್ ಗೇಜು ಸಾಕು. ಅಲ್ಪ ದೋಷವಾದರೆ ಕೊಳವೆಯ ಅಳತೆಯದೇ ಸರಳಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ರಿಂಗುಗಳನ್ನು ಉಜ್ಜಿ ಸರಿಪಡಿಸಬಹುದು. ಆದರೆ ತಯಾರಕರು ಇದನ್ನು ಗ್ರಾಹಕನ ತಲೆಗೆ ಕಟ್ಟಬಾರದು. ಎರಡೂ ರಿಂಗುಗಳನ್ನು ಒಂದೇ ಫಿಕ್ಸ್ಚರಿನಲ್ಲಿ ಹಿಡಿದು ಒಂದೇ ಸೆಟ್ಟಿಂಗಿನಲ್ಲಿ ಬೋರ್ ಮಾಡಿ, ಜೋಡಿಗೆ ಒಂದೇ ಸಂಖ್ಯೆ ಕೊಟ್ಟು ಜೋಡಿಯಾಗಿಯೇ ಮಾರುವುದು ನೇರವಾದ ದಾರಿ. ಬಿಡಿಬಿಡಿಯಾಗಿ ಮಾಡಿದ ರಿಂಗುಗಳ ಅಗ್ಗದ ಬೆಲೆಯು ನಂತರ ದೂರುಗಳ ರೂಪದಲ್ಲಿ ದುಬಾರಿಯಾಗುತ್ತದೆ.

ಸ್ಪ್ರಿಂಗ್ ಏರ್ ರೈಫಲಿನದು ಪ್ರತ್ಯೇಕ ಕಥೆ. ಹೊಡೆತದ ವೇಳೆ ಅದು ಮೊದಲು ಹಿಂದಕ್ಕೂ, ಪಿಸ್ಟನ್ ನಿಂತೊಡನೆ ಮುಂದಕ್ಕೂ ಜಗ್ಗುತ್ತದೆ. ಮದ್ದಿನ ಬಂದೂಕಿಗಾಗಿ ಮಾಡಿದ ಒಳ್ಳೆಯ ಸ್ಕೋಪು ಕೂಡ ಇದರಿಂದ ಒಡೆಯಬಹುದು, ಮೌಂಟು ರೇಲಿನ ಮೇಲೆ ಜಾರಬಹುದು. ಜಾರದಂತೆ ತಡೆಯುವ ಸ್ಟಾಪ್ ಪಿನ್ ಉಳ್ಳ ಮೌಂಟೇ ಇದಕ್ಕೆ ಬೇಕು. ಪಿನ್ನಿಗೆ ರೇಲಿನಲ್ಲಿ ರಂಧ್ರವಿದೆಯೇ ಎಂಬುದನ್ನೂ ನೋಡಿಕೊಳ್ಳತಕ್ಕದ್ದು.

ಮಾರುಕಟ್ಟೆ ದೂರವೇನೂ ಇಲ್ಲ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಸ್ನೈಪರ್ ರೈಫಲುಗಳನ್ನೂ, ಟೋನ್ಬೋ ಇಮೇಜಿಂಗ್ ಉಷ್ಣಚಿತ್ರಣದ ಸೈಟುಗಳನ್ನೂ ತಯಾರಿಸುತ್ತಿವೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳ ಉದ್ಯಮಿಗಳಿಗೆ ಸೂಕ್ಷ್ಮ ಅಳತೆಯ ಕೆಲಸ ಹೊಸದಲ್ಲ. ಆದರೆ 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮಿನ ಪ್ರಕಾರ ಬಂದೂಕಿನ ತಯಾರಿಕೆಗಷ್ಟೇ ಅಲ್ಲ, ದುರಸ್ತಿಯ ವ್ಯವಹಾರಕ್ಕೂ ಲೈಸೆನ್ಸ್ ಅವಶ್ಯ. ರಿಂಗು ಸರಿಪಡಿಸಿಕೊಡುವುದು ಬೇರೆ, ಗ್ರಾಹಕನು ತಂದ ಬಂದೂಕಿಗೆ ಡ್ರಿಲ್ ಹಚ್ಚುವುದು ಬೇರೆ. ಎರಡನೆಯ ಕೆಲಸವನ್ನು ಲೈಸೆನ್ಸ್ ಹೊಂದಿದ ಬಂದೂಕು ದುರಸ್ತಿಗಾರರಿಗೆ ಬಿಡತಕ್ಕದ್ದು.

ಮೌಂಟು ಮಾರುವವರು ಡಬ್ಬಿಯಲ್ಲಿ ಎರಡು ಹೆಚ್ಚುವರಿ ತಿರುಪು, ಸರಿಯಾದ ಅಲೆನ್ ಕೀ, ಬಿಗಿತದ ಪ್ರಮಾಣವನ್ನು ಕನ್ನಡದಲ್ಲಿ ಮುದ್ರಿಸಿದ ಒಂದು ಚೀಟಿ ಇಟ್ಟರೆ ಖರ್ಚು ಅಲ್ಪ. ಹಿಂದಿರುಗಿ ಬಂದ ಸ್ಕೋಪನ್ನು ತಯಾರಕರಿಗೆ ಕಳುಹಿಸುವ ಮೊದಲು, ಅದನ್ನು ಸರಿಯಾಗಿದೆಯೆಂದು ಗೊತ್ತಿರುವ ಮೌಂಟಿನಲ್ಲಿ ಕೂರಿಸಿ ಹತ್ತು ಹೊಡೆತ ನೋಡಬೇಕು.