ಸಿಂಗಲ್ ಕೊಳ್ಳುವವರಿಗೆ ಕಾಣದ ನಂಬರು

ದೀಪಾಂಜಲಿ ನಗರದ ಮೆಟ್ರೊ ನಿಲ್ದಾಣದಿಂದ ಇಳಿದು ಮೈಸೂರು ರಸ್ತೆಯ ಬದಿಗೆ ಬಂದರೆ, ಸಂಜೆ ಹೊತ್ತು ಟೀ ಅಂಗಡಿ ಮುಂದೆ ಹುಡುಗರ ಗುಂಪು. ಕಾಲೇಜಿನವರು, ಶಿಫ್ಟ್ ಮುಗಿಸಿದವರು, ಡೆಲಿವರಿ ಬ್ಯಾಗ್ ಹೊತ್ತವರು. 'ಅಣ್ಣ, ಒಂದು ಟೀ, ಒಂದು ಕಿಂಗ್.' ಅಂಗಡಿಯವರು ಸಿಗರೇಟು ಪ್ಯಾಕಿನಿಂದ ಒಂದನ್ನು ಎಳೆದು ಕೊಡುತ್ತಾರೆ. ಪ್ಯಾಕು ಮತ್ತೆ ಗಲ್ಲಾ ಪಕ್ಕಕ್ಕೆ. ಲೈಟರ್ ದಾರದಲ್ಲಿ ತೂಗುತ್ತಿರುತ್ತದೆ.

ಆ ಪ್ಯಾಕಿನ ಮೇಲೆ 2018ರ ಸೆಪ್ಟೆಂಬರಿನಿಂದ ಒಂದು ನಂಬರು ಅಚ್ಚಾಗುತ್ತಿದೆ: 1800-11-2356. ತಂಬಾಕು ಬಿಡಬೇಕು ಅನ್ನುವವರಿಗೆ ಕೇಂದ್ರ ಆರೋಗ್ಯ ಸಚಿವಾಲಯದ ಉಚಿತ ಸಹಾಯವಾಣಿ. ಸಿಂಗಲ್ ಕೊಳ್ಳುವವನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಬಿಡಿಯಾಗಿ ಮಾರಬಾರದು, 21 ತುಂಬದವರಿಗೆ ಕೊಡಬಾರದು ಎನ್ನುವ ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂತು. ಕಾನೂನು ತನ್ನ ಪಾಡಿಗಿದೆ, ಟೀ ಅಂಗಡಿ ತನ್ನ ಪಾಡಿಗೆ.

ಸಹಾಯವಾಣಿ 2016ರಲ್ಲಿ ಶುರುವಾಗಿದ್ದು ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ. ಎರಡು ವರ್ಷದ ಮೇಲೆ ಮುಂಬೈ, ಗುವಾಹಟಿಗಳ ಜೊತೆ ನಮ್ಮ ನಿಮ್ಹಾನ್ಸ್‌ಗೂ ಬಂತು. ದಕ್ಷಿಣದ ಭಾಷೆಗಳ ಕರೆಗಳನ್ನು ಅಲ್ಲೇ ನೋಡಿಕೊಳ್ಳುವುದರಿಂದ ಕನ್ನಡದಲ್ಲೇ ಹೇಳಿಕೊಳ್ಳಬಹುದು.

ಸಿಗರೇಟು ಕೆಟ್ಟದ್ದು ಎಂದು ಕೇಳಿಸಿಕೊಳ್ಳಲು ಯಾರೂ ಫೋನ್ ಮಾಡಬೇಕಿಲ್ಲ, ಅದು ಮನೆಯಲ್ಲೇ ಬೇಕಾದಷ್ಟು ಸಿಗುತ್ತದೆ. ಆಪ್ತಸಮಾಲೋಚಕರ ಪ್ರಶ್ನೆಗಳೇ ಬೇರೆ. ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು? ಐದು ನಿಮಿಷದೊಳಗೆ ಎಂದರೆ ದೇಹವೇ ನಿಕೋಟಿನ್‌ಗೆ ಒಗ್ಗಿಹೋಗಿದೆ. ನಿಕೋಟಿನ್ ಚೂಯಿಂಗ್ ಗಮ್ಮಿನ ಮಾತು ಬರಬಹುದು. ಸಂಜೆ, ಗೆಳೆಯರ ಜೊತೆ ಮಾತ್ರ ಎಂದರೆ ಬಿಡಿಸಬೇಕಾದ ಗಂಟು ಆ ಗುಂಪಿನಲ್ಲಿದೆ. 'ನಾನೇನು ಸ್ಮೋಕರ್ ಅಲ್ಲ, ಟೀ ಜೊತೆ ಅಷ್ಟೇ' ಎನ್ನುವ ಇಪ್ಪತ್ತೆರಡರ ಹುಡುಗ ಆಸ್ಪತ್ರೆ ಮೆಟ್ಟಿಲು ಹತ್ತುವವನಲ್ಲ. ಮನೆಯವರಿಗೆ ಗೊತ್ತಾದೀತೆಂಬ ಭಯ ಬೇರೆ. ಟೆರೇಸಿಗೆ ಹೋಗಿ ಫೋನ್ ಮಾಡಿದರೆ ಯಾರ ಮುಖವನ್ನೂ ನೋಡಬೇಕಿಲ್ಲ.

ಮುಂದಿನದು ದಿನ ಗೊತ್ತು ಮಾಡುವುದು. ಇಂಥ ತಾರೀಖಿನಿಂದ ಇಲ್ಲ ಎಂದ ಮೇಲೆ ಮೊದಲ ಎರಡು ಮೂರು ದಿನ ಸಿಡುಕು, ನಿದ್ದೆಗೇಡು ಜೋರು. ಎಳೆಯಬೇಕೆನ್ನುವ ಚಡಪಡಿಕೆ ಸಾಮಾನ್ಯವಾಗಿ ಐದಾರು ನಿಮಿಷಕ್ಕೆ ಇಳಿಯುತ್ತದೆ. ನೀರು ಕುಡಿದೋ ನಾಲ್ಕು ಹೆಜ್ಜೆ ನಡೆದೋ ಅಷ್ಟು ಹೊತ್ತು ಕಳೆಯಬೇಕು. ಕಾಫಿ ಪ್ರಿಯರಿಗೆ ಗೊತ್ತಿರಬೇಕಾದ ಸಂಗತಿ ಇನ್ನೊಂದಿದೆ. ಸಿಗರೇಟಿನ ಹೊಗೆಯಿಂದಾಗಿ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತರೆ ಅದೇ ಎರಡು ಲೋಟ ಕಾಫಿ ಮೊದಲಿಗಿಂತ ಹೆಚ್ಚು ಹೊತ್ತು ಮೈಯಲ್ಲಿ ಉಳಿದು ಎದೆ ಡವಗುಟ್ಟಿಸುತ್ತದೆ. 'ಬಿಟ್ಟಮೇಲೇ ತಲೆ ಕೆಟ್ಟಿದ್ದು' ಎಂದು ಮತ್ತೆ ಹಚ್ಚುವ ಕೆಲವರ ವಿಷಯದಲ್ಲಿ ತಪ್ಪು ಕಾಫಿ ಲೋಟದ್ದೂ ಇರಬಹುದು.

ನನಗೆ ಈ ವ್ಯವಸ್ಥೆಯಲ್ಲಿ ಮೆಚ್ಚುಗೆಯಾದದ್ದು ಸಹಾಯವಾಣಿಯವರೇ ತಿರುಗಿ ಫೋನ್ ಮಾಡುವುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1992ರಲ್ಲಿ ಆರಂಭವಾದ ಸಹಾಯವಾಣಿ ಇದನ್ನು ಲೆಕ್ಕ ಹಾಕಿಯೇ ರೂಢಿಸಿತು. ಜಾರುವ ಸಂಭವ ಮೊದಲ ವಾರದಲ್ಲೇ ಹೆಚ್ಚಾದ್ದರಿಂದ ಕರೆಗಳೂ ಆಗಲೇ ಒತ್ತೊತ್ತಾಗಿ, ಆಮೇಲೆ ವಿರಳ. ಹತ್ತು ದಿನ ಬಿಟ್ಟಿದ್ದವನು ಗೆಳೆಯನ ಮದುವೆಯಲ್ಲಿ ಒಂದು ದಮ್ಮು ಎಳೆದಿದ್ದಾನೆ, ನಾಚಿಕೆಗೆ ತಾನಾಗಿ ಫೋನ್ ಮಾಡುವುದಿಲ್ಲ. ಆಗ ಆ ಕಡೆಯಿಂದ ರಿಂಗ್ ಆದರೆ, ಬೈಗುಳದ ಬದಲು ಬರುವ ಪ್ರಶ್ನೆ: ಅಲ್ಲಿ ಯಾರ್‍ಯಾರಿದ್ದರು, ಕೈಗೆ ಕೊಟ್ಟವರು ಯಾರು, ಮುಂದಿನ ಮದುವೆ ಯಾವಾಗ?