ಉಪ್ಪಿನ ಡಬ್ಬಿ ಮತ್ತು ಥೈರಾಯಿಡ್ ಗ್ರಂಥಿ

ಒಂದು ಲೋಟ ನೀರು ಹಿಡಿದು ಕನ್ನಡಿಯ ಮುಂದೆ ನಿಲ್ಲಿ. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಒಂದು ಗುಟುಕು ನುಂಗಿ. ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳಕ್ಕೆ ಅಂಟಿಕೊಂಡಂತೆ, ಚಿಟ್ಟೆಯ ಆಕಾರದ ಗ್ರಂಥಿಯೊಂದಿದೆ. ನೀವು ನುಂಗಿದಾಗ ಅದೂ ಮೇಲೇರಿ ಕೆಳಗಿಳಿಯುತ್ತದೆ. ಆರೋಗ್ಯವಾಗಿದ್ದಾಗ ಅದು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಊದಿಕೊಂಡರೆ ಎದ್ದು ಕಾಣುತ್ತದೆ. ಕೊರಳು ಪರೀಕ್ಷಿಸುವ ವೈದ್ಯರು "ಎಂಜಲು ನುಂಗಿ" ಎನ್ನುವುದು ಇದನ್ನು ನೋಡಲೆಂದೇ. ಇದೇ ಥೈರಾಯಿಡ್ ಗ್ರಂಥಿ. ತೂಕ ಸುಮಾರು 20 ಗ್ರಾಂ.

ಜೊಲ್ಲು, ಬೆವರು ಸ್ರವಿಸುವ ಗ್ರಂಥಿಗಳಿಗೆ ನಾಳಗಳಿವೆ. ಥೈರಾಯಿಡ್‌ಗೆ ಅಂಥ ನಾಳವಿಲ್ಲ. ತನ್ನ ರಸವನ್ನು ಅದು ನೇರವಾಗಿ ರಕ್ತಕ್ಕೆ ಸೇರಿಸುತ್ತದೆ. ಆದ್ದರಿಂದ ಪಿಟ್ಯುಟರಿ, ಅಡ್ರಿನಲ್ ಗ್ರಂಥಿಗಳಂತೆ ಇದೂ ನಿರ್ನಾಳ ಗ್ರಂಥಿ. ಇವು ಸ್ರವಿಸುವ ರಾಸಾಯನಿಕಗಳಿಗೆ ಹಾರ್ಮೋನು ಎಂಬ ಹೆಸರನ್ನು 1905ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಶರೀರವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್. ಗ್ರೀಕ್ ಮೂಲದ ಈ ಪದಕ್ಕೆ ಪ್ರಚೋದಿಸು ಎಂದರ್ಥ.

ರಕ್ತ ದೇಹದ ಮೂಲೆಮೂಲೆಗೂ ಹರಿಯುತ್ತದಲ್ಲ, ಹಾಗಾದರೆ ಹಾರ್ಮೋನು ತನ್ನ ಕೆಲಸದ ಜಾಗವನ್ನು ಗುರುತಿಸುವುದು ಹೇಗೆ? ಗುರುತಿಸುವುದು ಹಾರ್ಮೋನಲ್ಲ, ಜೀವಕೋಶ. ಆಯಾ ಹಾರ್ಮೋನಿಗೆ ತಕ್ಕ ಗ್ರಾಹಕ ಯಾವ ಕೋಶದಲ್ಲಿದೆಯೋ ಆ ಕೋಶ ಮಾತ್ರ ಅದರ ಮಾತು ಕೇಳುತ್ತದೆ. ಥೈರಾಯಿಡ್ ಹಾರ್ಮೋನಿನ ಗ್ರಾಹಕಗಳು ದೇಹದ ಬಹುತೇಕ ಎಲ್ಲ ಅಂಗಗಳಲ್ಲೂ ಇವೆ. ಹೃದಯದ ಬಡಿತ, ಮೈಯ ಬಿಸಿ, ಕರುಳಿನ ಚಲನೆ, ಮೂಳೆಯ ಬೆಳವಣಿಗೆ, ಮಿದುಳಿನ ವಿಕಾಸ, ಇವೆಲ್ಲಕ್ಕೂ ಅದು ಬೇಕು.

1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯಿಡ್ ಅಂಗಾಂಶವನ್ನು ತಿನ್ನಿಸಿದರು. ಅವು ಬೆಳೆಯುವುದನ್ನು ಬಿಟ್ಟು, ಕಾಲು ಮೂಡಿ, ಬಾಲ ಕರಗಿ, ಅವಧಿಗೆ ಮೊದಲೇ ಪುಟಾಣಿ ಕಪ್ಪೆಗಳಾದವು. ಥೈರಾಯಿಡ್ ತೆಗೆದ ಗೊದಮೊಟ್ಟೆಗಳು ಗಾತ್ರದಲ್ಲಿ ಬೆಳೆದರೂ ಕಪ್ಪೆಯಾಗಲಿಲ್ಲ ಎಂಬುದನ್ನು ಮುಂದೆ ಬೇರೆಯವರು ತೋರಿಸಿದರು. ಬೆಳೆಯುವುದು ಬೇರೆ, ಬಲಿಯುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಈ ಗ್ರಂಥಿ ತಯಾರಿಸುವ ಮುಖ್ಯ ಹಾರ್ಮೋನು ಥೈರಾಕ್ಸಿನ್. ಅದರ ಒಂದೊಂದು ಅಣುವಿನಲ್ಲೂ ನಾಲ್ಕು ಅಯೋಡೀನ್ ಪರಮಾಣುಗಳಿವೆ. ಪರೀಕ್ಷೆಯ ವರದಿಗಳಲ್ಲಿ ಟಿ4 ಎಂದು ಬರೆಯುವುದು ಈ ನಾಲ್ಕನ್ನೇ. ಕೋಶಗಳಲ್ಲಿ ಒಂದು ಪರಮಾಣು ಕಳಚಿ ಅದು ಟಿ3 ಆಗುತ್ತದೆ. ಹೆಚ್ಚು ಚುರುಕಾಗಿ ಕೆಲಸ ಮಾಡುವುದು ಈ ಟಿ3. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡೀನ್ 150 ಮೈಕ್ರೋಗ್ರಾಂ. ಎಪ್ಪತ್ತು ವರ್ಷದ ಲೆಕ್ಕ ಹಾಕಿ ನೋಡಿ: 4 ಗ್ರಾಂ ಕೂಡ ಆಗುವುದಿಲ್ಲ! ಆದರೆ ಇಡೀ ಜೀವಮಾನದ್ದನ್ನು ಒಮ್ಮೆಗೇ ತಿಂದಿಟ್ಟುಕೊಳ್ಳುವಂತಿಲ್ಲ, ದಿನದಿನವೂ ಬೇಕು.

ಎಷ್ಟು ಹಾರ್ಮೋನು ತಯಾರಾಗಬೇಕೆಂದು ಹೇಳುವವರು ಯಾರು? ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದು ಟಿಎಸ್‌ಎಚ್ ಎಂಬ ಹಾರ್ಮೋನನ್ನು ಕಳಿಸಿ ಥೈರಾಯಿಡನ್ನು ದುಡಿಸುತ್ತದೆ. ಪಿಟ್ಯುಟರಿಗೂ ಮೇಲಿನ ಅಧಿಕಾರಿಯೊಂದಿದೆ, ಹೈಪೊಥಲಾಮಸ್. ಮನೆಯ ನೀರಿನ ತೊಟ್ಟಿಯಲ್ಲಿ ತೇಲುವ ಗುಂಡನ್ನು ನೋಡಿರುತ್ತೀರಿ. ನೀರು ತುಂಬಿದರೆ ಗುಂಡು ಮೇಲೆದ್ದು ನಲ್ಲಿ ಮುಚ್ಚುತ್ತದೆ, ನೀರು ಇಳಿದರೆ ನಲ್ಲಿ ತೆರೆಯುತ್ತದೆ. ಹಾಗೆಯೇ ರಕ್ತದಲ್ಲಿ ಥೈರಾಕ್ಸಿನ್ ಸಾಕಷ್ಟಿದ್ದರೆ ಟಿಎಸ್‌ಎಚ್ ತಗ್ಗುತ್ತದೆ, ಕಡಿಮೆಯಾದರೆ ಏರುತ್ತದೆ.

ಅಯೋಡೀನೇ ಸಿಗದಿದ್ದರೆ? ಥೈರಾಕ್ಸಿನ್ ಇಳಿಯುತ್ತದೆ, ಟಿಎಸ್‌ಎಚ್ ಏರುತ್ತದೆ. ದುಡಿ, ದುಡಿ ಎಂಬ ಒತ್ತಡಕ್ಕೆ ಸಿಕ್ಕ ಗ್ರಂಥಿ ಕಚ್ಚಾವಸ್ತುವಿಲ್ಲದೆಯೇ ದೊಡ್ಡದಾಗುತ್ತಾ ಹೋಗುತ್ತದೆ. ಇದೇ ಗಳಗಂಡ. ಗುಡ್ಡಗಾಡಿನ ಮಣ್ಣಿನ ಅಯೋಡೀನನ್ನು ಮಳೆನೀರು, ಹಿಮನದಿಗಳು ತೊಳೆದು ಸಮುದ್ರಕ್ಕೆ ಒಯ್ಯುವುದರಿಂದ ಹಿಮಾಲಯದ ತಪ್ಪಲಿನಲ್ಲಿ ಈ ರೋಗ ವ್ಯಾಪಕವಾಗಿತ್ತು. ನಮ್ಮ ಚಿಕ್ಕಮಗಳೂರು, ಕೊಡಗಿನಂಥ ಮಲೆನಾಡು ಜಿಲ್ಲೆಗಳಲ್ಲೂ ಅದು ಕಂಡುಬಂದಿದೆ.

1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಇಂದಿನ ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯಲ್ಲಿ ಒಂದು ಪ್ರಯೋಗ ಆರಂಭಿಸಿದರು. ಹಳ್ಳಿಗಳನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡೀನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು ಪೂರೈಸಿದರು. ಕೆಲವು ವರ್ಷಗಳಲ್ಲಿ ಮೊದಲ ಎರಡು ವಲಯಗಳ ಶಾಲಾಮಕ್ಕಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. ಬಳಿಕ ಮೂರನೆಯ ವಲಯಕ್ಕೂ ಅದೇ ಉಪ್ಪು ಹೋಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂತು. 1992ರಲ್ಲಿ ಅದರ ಹೆಸರನ್ನು ಅಯೋಡೀನ್ ಕೊರತೆಯ ರೋಗಗಳ ನಿಯಂತ್ರಣ ಕಾರ್ಯಕ್ರಮ ಎಂದು ಬದಲಿಸಿದರು. ಬದಲಾವಣೆಗೆ ಕಾರಣವಿತ್ತು. ಕೊರಳಿನ ಗಂಟು ಕಾಣುತ್ತದೆ, ನಿಜ. ಹೆಚ್ಚಿನ ಹಾನಿ ಕಾಣದ ಕಡೆ ಆಗುತ್ತದೆ. ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶು ತಾಯಿಯ ಥೈರಾಕ್ಸಿನ್ನನ್ನೇ ನೆಚ್ಚಿರುತ್ತದೆ. ಆಗ ತೀವ್ರ ಕೊರತೆಯಾದರೆ ಹುಟ್ಟುವ ಮಗುವಿಗೆ ಬುದ್ಧಿಮಾಂದ್ಯ, ಕಿವುಡು, ಕುಂಠಿತ ಬೆಳವಣಿಗೆ ಬರಬಹುದು, ಮತ್ತು ಮಿದುಳಿಗಾದ ನಷ್ಟವನ್ನು ಆಮೇಲೆ ತುಂಬಿಕೊಡಲಾಗದು. ಕೆಲವು ಶಿಶುಗಳು ಗ್ರಂಥಿಯೇ ಇಲ್ಲದೆ ಹುಟ್ಟುವುದೂ ಉಂಟು. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತ ಅದನ್ನು ತಿಳಿಸುತ್ತದೆ. ಹುಟ್ಟಿದ ಮೊದಲ ವಾರಗಳಲ್ಲೇ ಮಾತ್ರೆ ಆರಂಭಿಸಿದರೆ ಮಗು ಇತರರಂತೆಯೇ ಕಲಿಯುತ್ತದೆ.

ನಿಮ್ಮ ತರಗತಿಯಲ್ಲೂ ಇದರ ಸುಳಿವು ಇರಬಹುದು. ಚೆನ್ನಾಗಿ ಓದುತ್ತಿದ್ದ ಹುಡುಗಿ ಸದಾ ಆಯಾಸ ಎನ್ನುತ್ತಾಳೆ, ಚಳಿ ತಡೆಯಲಾರಳು, ಮೈತೂಕ ಏರುತ್ತಿದೆ, ಚರ್ಮ ಒಣಗಿದೆ, ಮುಟ್ಟು ಏರುಪೇರಾಗಿದೆ. ಅವಳಿಗೆ "ಸೋಮಾರಿ" ಎಂಬ ಹಣೆಪಟ್ಟಿ ಹಚ್ಚುವ ಮೊದಲು ಒಂದು ರಕ್ತಪರೀಕ್ಷೆ ಆಗಬೇಕು. ಇಲ್ಲಿ ಉಪ್ಪನ್ನೇ ದೂರಬೇಕಿಲ್ಲ. ಅಯೋಡೀನ್ ಸಾಕಷ್ಟು ದೊರೆಯುವ ಕಡೆ ಈ ಕೊರತೆಗೆ ಹೆಚ್ಚಾಗಿ ಕಾರಣವಾಗುವುದು, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಥೈರಾಯಿಡ್ ಮೇಲೆ ತಿರುಗಿ ಬೀಳುವ ಒಂದು ರೋಗ. 1912ರಲ್ಲಿ ಅದನ್ನು ವಿವರಿಸಿದ ಜಪಾನಿನ ಹಕಾರು ಹಾಶಿಮೊಟೊ ಅವರ ಹೆಸರೇ ಅದಕ್ಕಿದೆ. ವೈದ್ಯರು ಹೇಳಿದ ಪ್ರಮಾಣದ ಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವುದೇ ಅದಕ್ಕೆ ಚಿಕಿತ್ಸೆ. ಹಾರ್ಮೋನು ಅತಿಯಾದರೆ ಎಲ್ಲವೂ ತಿರುಗುಮುರುಗು: ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಉಂಡರೂ ಮೈ ಸೊರಗುತ್ತದೆ.

ಇನ್ನು ಅಡುಗೆಮನೆಯ ಮಾತು. ಸಮುದ್ರದ ನೀರಿನಿಂದಲೇ ಬಂದದ್ದಾದರೂ ಸಾದಾ ಕಲ್ಲುಪ್ಪಿನಲ್ಲಿ ಅಯೋಡೀನ್ ಇರುವುದು ಅತ್ಯಲ್ಪ. ಸೈಂಧವ ಲವಣವೂ ಅಷ್ಟೆ. ಬೆರೆಸಿದರೆ ಮಾತ್ರ ಉಂಟು. ತಯಾರಾಗುವಲ್ಲಿ ಉಪ್ಪಿನ ಪ್ರತಿ ಹತ್ತು ಲಕ್ಷ ಭಾಗಕ್ಕೆ 30 ಭಾಗ, ನಮ್ಮ ಮನೆ ಸೇರುವಾಗ ಕನಿಷ್ಠ 15 ಭಾಗ ಅಯೋಡೀನ್ ಇರಬೇಕೆಂದು ಗೊತ್ತುಮಾಡಿದ್ದರು. ನಡುವೆ ಸೋರಿಹೋಗುವುದಕ್ಕೆ ತೇವ, ಬಿಸಿಲುಗಳೇ ಕಾರಣ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಒಲೆಯ ಪಕ್ಕದಿಂದ ಸ್ವಲ್ಪ ದೂರವಿಡಲು ಅಮ್ಮನಿಗೆ ಹೇಳಿ. ಅಥವಾ ನೀವೇ ಎದ್ದು ಇಡಿ.